ತುಪ್ಪಕ್ಕೆ ಕೇಳುವ ಪ್ರಶ್ನೆ

ಮಳೆಗಾಲದ ಒಂದು ಮಧ್ಯಾಹ್ನ ಮಾಟುಂಗಾ ಕಡೆಯ ಹೋಟೆಲಿನವರೊಬ್ಬರು ನಮ್ಮ ಲ್ಯಾಬಿಗೆ ಸ್ಟೀಲ್ ಡಬ್ಬಿ ಹಿಡಿದುಕೊಂಡು ಬಂದಿದ್ದರು. ಕೊಡೆಯಿಂದ ನೀರು ತೊಟ್ಟಿಕ್ಕುತ್ತಿತ್ತು, ಅಂಗಿಯ ಒಂದು ತೋಳು ಪೂರ್ತಿ ನೆನೆದಿತ್ತು. ಡಬ್ಬಿಯನ್ನು ಮಾತ್ರ ಎರಡೆರಡು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿ ಎದೆಗವಚಿಕೊಂಡಿದ್ದರು. ಕುಂದಾಪುರದ ಕಡೆಯವರು, ಮುಂಬಯಿಗೆ ಬಂದು ನಲವತ್ತು ವರ್ಷ. "ಮೇಡಂ, ಇದು ಅಸಲಿಯಾ ನಕಲಿಯಾ, ಒಂದೇ ಮಾತಲ್ಲಿ ಹೇಳಿ ಮಾರಾಯ್ರೆ" ಎಂದರು.

ಮುಚ್ಚಳ ತೆಗೆದರೆ ಘಮಘಮ. ಮೇಲೆ ತಿಳಿ, ಕೆಳಗೆ ಮರಳು ಮರಳಾಗಿ ಕೂತ ತುಪ್ಪ. ಕಣ್ಣಿಗೂ ಮೂಗಿಗೂ ಯಾವ ತಕರಾರೂ ಇಲ್ಲ. ತುಪ್ಪ ತಂದುಕೊಡುವವರು ಎರಡು ತಿಂಗಳ ಹಿಂದೆ ಬದಲಾಗಿದ್ದರಂತೆ, ಕಿಲೋಗೆ ಸ್ವಲ್ಪ ಕಡಿಮೆಗೆ ಬರುತ್ತಿತ್ತಂತೆ. ಅದಾದ ಮೇಲೆ ತುಪ್ಪದ ದೋಸೆ ಆರಿದಾಗ ಅಂಗುಳಕ್ಕೆ ಮೇಣ ಅಂಟಿದ ಹಾಗಾಗುತ್ತದೆ ಎಂದು ಹಳೆಯ ಗಿರಾಕಿಯೊಬ್ಬರು ದೂರಿದ್ದರು. ಅಷ್ಟೇ ಸುಳಿವು.

ಒಂದೇ ಮಾತಲ್ಲಿ ಹೇಳಲು ಆಗುವುದಿಲ್ಲ, ನಿಮಗೆ ಯಾವುದರ ಮೇಲೆ ಅನುಮಾನ ಅದನ್ನು ಮೊದಲು ಹೇಳಿ ಎಂದೆ. ಅವರಿಗೆ ಬೇಸರವಾಯಿತು. ಲಕ್ಷಗಟ್ಟಲೆಯ ಯಂತ್ರ ಇಟ್ಟುಕೊಂಡು ನನ್ನನ್ನೇ ಕೇಳುತ್ತೀರಲ್ಲ ಎಂಬ ಭಾವ ಮುಖದಲ್ಲಿತ್ತು. ಅವರಿಗೆ ಆ ದಿನ ನಿಂತಲ್ಲೇ ವಿವರಿಸಲು ಆಗದೇ ಹೋದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ತುಪ್ಪ, ತೆಂಗಿನೆಣ್ಣೆ, ಪಾಮ್ ಎಣ್ಣೆ, ಡಾಲ್ಡಾ, ಪ್ರಾಣಿಗಳ ಮೈಕೊಬ್ಬು, ಇವೆಲ್ಲ ಹೆಚ್ಚುಕಡಿಮೆ ಒಂದೇ ವಸ್ತು. ಹೆಸರು ಟ್ರೈಗ್ಲಿಸರೈಡ್. ನಮ್ಮ ಲೋಕಲ್ ಟ್ರೈನಿನ ಮೂವರ ಸೀಟನ್ನು ನೆನೆಸಿಕೊಳ್ಳಿ. ಸೀಟು ಗ್ಲಿಸರಾಲ್, ಅದರ ಮೇಲೆ ಕೂತ ಮೂವರು ಕೊಬ್ಬಿನಾಮ್ಲಗಳು. ಟ್ರೈನಿನಲ್ಲಾದರೆ ಸರಿದು ನಾಲ್ಕನೆಯವರಿಗೂ ಜಾಗ ಮಾಡಿಕೊಡುತ್ತೇವೆ. ಇಲ್ಲಿ ಮೂವರೇ, ನಾಲ್ಕನೆಯವರು ಇಲ್ಲ. ಸೀಟು ಎಲ್ಲ ಎಣ್ಣೆಯಲ್ಲೂ ಅದೇ. ಯಾರು ಕೂತಿದ್ದಾರೆ, ಯಾರ ಪಕ್ಕ ಯಾರು ಕೂತಿದ್ದಾರೆ ಎಂಬುದರಲ್ಲಿ ಮಾತ್ರ ವ್ಯತ್ಯಾಸ. ತೆಂಗಿನೆಣ್ಣೆಯ ಸೀಟುಗಳಲ್ಲಿ ಅರ್ಧದಷ್ಟು ಜನ ಹನ್ನೆರಡು ಇಂಗಾಲದ ಲಾರಿಕ್ ಆಮ್ಲದವರು. ಪಾಮ್ ಎಣ್ಣೆಯಲ್ಲಿ ಹದಿನಾರು ಇಂಗಾಲದ ಪಾಮಿಟಿಕ್ ಮತ್ತು ಹದಿನೆಂಟರ ಓಲಿಕ್ ಸೇರಿ ಮುಕ್ಕಾಲಿಗೂ ಹೆಚ್ಚು. ತುಪ್ಪದಲ್ಲಿ ಇವರೆಲ್ಲರ ನಡುವೆ ಒಬ್ಬ ಪುಟ್ಟ ಪ್ರಯಾಣಿಕ ಇರುತ್ತಾನೆ: ನಾಲ್ಕೇ ಇಂಗಾಲದ ಬ್ಯುಟಿರಿಕ್ ಆಮ್ಲ. ತೂಕದಲ್ಲಿ ಶೇ 3ರಿಂದ 4. ಅಡುಗೆಮನೆಯ ಬೇರೆ ಯಾವ ಎಣ್ಣೆಯಲ್ಲೂ ಈತ ಇಲ್ಲ. ಇನ್ನೊಂದು ವಿಶೇಷ, ಈತ ಯಾವಾಗಲೂ ಸೀಟಿನ ಒಂದು ನಿರ್ದಿಷ್ಟ ತುದಿಯಲ್ಲೇ ಕೂರುತ್ತಾನೆ, ಪಕ್ಕದಲ್ಲಿ ಸಾಮಾನ್ಯವಾಗಿ ಉದ್ದನೆಯವರಿಬ್ಬರು.

ಕ್ರೊಮ್ಯಾಟೋಗ್ರಫಿ ಎಂದರೆ ಈ ಗುಂಪನ್ನು ಬಿಡಿಸಿ ನೋಡುವ ವಿದ್ಯೆ. ರಷ್ಯದ ಸಸ್ಯವಿಜ್ಞಾನಿ ಮಿಖಾಯಿಲ್ ಟ್ವೆಟ್ ವಾರ್ಸಾದಲ್ಲಿ ಕೆಲಸ ಮಾಡುತ್ತಿದ್ದಾಗ ಗಾಜಿನ ಕೊಳವೆಗೆ ಸೀಮೆಸುಣ್ಣದ ಪುಡಿ ತುಂಬಿ, ಮೇಲಿನಿಂದ ಎಲೆಯ ರಸ ಸುರಿದು, ಹಸಿರು ಹಳದಿ ಬಣ್ಣಗಳು ಬಳೆಬಳೆಯಾಗಿ ಬೇರೆಯಾಗುವುದನ್ನು ಕಂಡ. 1906ರಲ್ಲಿ ಅದಕ್ಕೆ ಹೆಸರಿಟ್ಟ. ಅಲ್ಲಿಂದ ಇಲ್ಲಿಯವರೆಗೆ ತತ್ವ ಬದಲಾಗಿಲ್ಲ. ಒಂದು ನಿಂತ ವಸ್ತು, ಅದರ ಮೇಲೆ ಹರಿಯುವ ಇನ್ನೊಂದು. ನಿಂತದ್ದನ್ನು ಹೆಚ್ಚು ಹಚ್ಚಿಕೊಂಡವರು ಹಿಂದೆ ಉಳಿಯುತ್ತಾರೆ, ಹರಿಯುವುದನ್ನು ಹಚ್ಚಿಕೊಂಡವರು ಮುಂದೆ ಹೋಗುತ್ತಾರೆ. ನಿಂತದ್ದು ಯಾವುದು, ಹರಿಯುವುದು ಯಾವುದು ಎಂಬುದರ ಮೇಲೆ ನಿಮಗೆ ಸಿಗುವ ಉತ್ತರವೂ ಬೇರೆಯಾಗುತ್ತದೆ. ಲ್ಯಾಬಿಗೆ ಬರುವವರಿಗೆ ನಾನು ಒತ್ತಿ ಹೇಳುವುದು ಇದೊಂದನ್ನೇ.

ಅಗ್ಗದ್ದು ತಟ್ಟೆ. ಟಿಎಲ್‌ಸಿ ಅನ್ನುತ್ತೇವೆ. ಗಾಜಿನ ಹಾಳೆಯ ಮೇಲೆ ಕಾಲು ಮಿಲಿಮೀಟರು ದಪ್ಪಕ್ಕೆ ಸಿಲಿಕಾ ಹಚ್ಚಿರುತ್ತದೆ, ಬಿಳಿ ಸುಣ್ಣದ ಗೋಡೆಯ ಹಾಗೆ. ಕೆಳಗಿನಿಂದ ಒಂದೂವರೆ ಸೆಂಟಿಮೀಟರು ಬಿಟ್ಟು ಪೆನ್ಸಿಲಿನಲ್ಲಿ ಒಂದು ಗೆರೆ. ಪೆನ್ನಿನಲ್ಲಿ ಎಳೆಯಬಾರದು, ಶಾಯಿಯೂ ಬಿಡಿಸಿಕೊಂಡು ಮೇಲಕ್ಕೆ ಓಡುತ್ತದೆ. ಗೆರೆಯ ಮೇಲೆ ಕೂದಲಿನಷ್ಟು ಸಣ್ಣ ಗಾಜಿನ ನಳಿಗೆಯಿಂದ ತುಪ್ಪದ ಚುಕ್ಕೆ, ಪಕ್ಕದಲ್ಲಿ ಗೊತ್ತಿರುವ ವಸ್ತುಗಳ ಚುಕ್ಕೆಗಳು. ಹೆಕ್ಸೇನ್ 80 ಪಾಲು, ಈಥರ್ 20, ಅಸಿಟಿಕ್ ಆಮ್ಲ 1, ಇಷ್ಟನ್ನು ಗಾಜಿನ ತೊಟ್ಟಿಯಲ್ಲಿ ಬೆರಳ ಅಗಲದಷ್ಟೂ ಇಲ್ಲದಂತೆ ಸುರಿದು, ಒಳಗೋಡೆಗೆ ಫಿಲ್ಟರ್ ಕಾಗದ ಹಚ್ಚಿ, ತಟ್ಟೆ ನಿಲ್ಲಿಸಿ ಮುಚ್ಚಿದರೆ ದ್ರಾವಕ ತಾನಾಗಿ ಮೇಲೇರುತ್ತದೆ, ಬತ್ತಿಯಲ್ಲಿ ಎಣ್ಣೆ ಏರಿದ ಹಾಗೆ. ಮುಕ್ಕಾಲು ಗಂಟೆ. ತೆಗೆದು ಆರಿಸಿ, ಅಯೋಡಿನ್ ಹರಳು ಹಾಕಿದ ಪೆಟ್ಟಿಗೆಯಲ್ಲಿಟ್ಟರೆ, ಏನೂ ಕಾಣದಿದ್ದ ಬಿಳಿ ತಟ್ಟೆಯ ಮೇಲೆ ಒಂದೊಂದಾಗಿ ಕಂದು ಕಲೆಗಳು ಮೂಡುತ್ತವೆ. ಬುಡದಲ್ಲಿ ಅಲುಗಾಡದೆ ಕೂತದ್ದು ಲೆಸಿಥಿನ್ ಬಗೆಯ ಫಾಸ್ಫೊಲಿಪಿಡ್. ಸ್ವಲ್ಪ ಮೇಲೆ ಕೊಲೆಸ್ಟೆರಾಲ್, ಅದರ ಮೇಲೆ ಒಂಟಿಯಾಗಿ ಬಿಟ್ಟುಹೋದ ಕೊಬ್ಬಿನಾಮ್ಲ, ಆಮೇಲೆ ದೊಡ್ಡದಾಗಿ ಟ್ರೈಗ್ಲಿಸರೈಡ್. ತುತ್ತತುದಿಯಲ್ಲಿ, ದ್ರಾವಕದ ಜೊತೆಗೇ ಓಡಿಹೋದ ಕಲೆ ಕಂಡರೆ ಹೊಟ್ಟೆ ಚುರ್ ಎನ್ನಬೇಕು, ಅದು ಖನಿಜ ತೈಲದ ಕಲಬೆರಕೆ ಇರಬಹುದು.

ಮುಂಬಯಿಯ ಜುಲೈ ತಿಂಗಳಲ್ಲಿ ಈ ತಟ್ಟೆ ಮೊಂಡಾಟ ಮಾಡುತ್ತದೆ. ಸಿಲಿಕಾ ಗಾಳಿಯ ತೇವವನ್ನು ಕುಡಿಯುತ್ತದೆ, ಕುಡಿದ ಮೇಲೆ ಅದಕ್ಕೆ ಯಾರನ್ನೂ ಹಿಡಿದಿಡುವ ಶಕ್ತಿ ಉಳಿಯುವುದಿಲ್ಲ, ಕಲೆಗಳೆಲ್ಲ ಗುಂಪಾಗಿ ಮೇಲೆ ಹೋಗಿಬಿಡುತ್ತವೆ. ಮೇ ತಿಂಗಳಲ್ಲಿ ಚೆಂದವಾಗಿ ಬಂದ ಫಲಿತಾಂಶ ಮಳೆಗಾಲದಲ್ಲಿ ಬರುವುದಿಲ್ಲ. ಹಾಗಾಗಿ 110 ಡಿಗ್ರಿಯ ಒಲೆಯಲ್ಲಿ ಅರ್ಧ ಗಂಟೆ ಕಾಯಿಸಿ, ಬಿಸಿ ಆರುತ್ತಿದ್ದಂತೆ ಬಳಸಬೇಕು. ಟ್ರಾಂಬೆಯಿಂದ ಪವಾಯಿವರೆಗೆ ಈ ಊರಲ್ಲಿ ಟಿಎಲ್‌ಸಿ ಮಾಡಿದ ವಿದ್ಯಾರ್ಥಿಗಳಿಗೆಲ್ಲ ಈ ಒಲೆಯ ನೆನಪು ಇದ್ದೇ ಇರುತ್ತದೆ.

ತಟ್ಟೆ ಹೇಳುವುದು ಟ್ರೈನಿನ ಡಬ್ಬಿಯ ಲೆಕ್ಕ. ಇದು ಲೇಡೀಸ್ ಡಬ್ಬಿ, ಇದು ಫಸ್ಟ್ ಕ್ಲಾಸ್, ಇದು ಲಗೇಜಿನದು. ಒಳಗೆ ಕೂತವರು ವಿರಾರಿನವರೋ ಕಲ್ಯಾಣಿನವರೋ ಅದಕ್ಕೆ ಗೊತ್ತಿಲ್ಲ. ತುಪ್ಪದ್ದೂ ಪಾಮ್ ಎಣ್ಣೆಯದೂ ಟ್ರೈಗ್ಲಿಸರೈಡ್ ಕಲೆ ಒಂದೇ ಮಟ್ಟದಲ್ಲಿ. ತುಪ್ಪದ ಕಲೆಗೆ ಕೆಳಗೆ ಒಂದು ಬಾಲ, ಅಥವಾ ಜೋಡಿ ಕಲೆ ಇರುವುದು ಪಳಗಿದ ಕಣ್ಣಿಗೆ ಕಾಣುತ್ತದೆ. ಬ್ಯುಟಿರಿಕ್ ಕೂತ ಸೀಟುಗಳು ತುಸು ಹಿಂದೆ ಬೀಳುವುದರಿಂದ ಹಾಗಾಗುತ್ತದೆ. ಆದರೆ ಬಾಲ ನೋಡಿ ರಿಪೋರ್ಟ್ ಬರೆಯಲಾಗದು.

ಅಷ್ಟಕ್ಕೇ ತಟ್ಟೆಯನ್ನು ಕಡೆಗಣಿಸುವವರನ್ನು ಕಂಡರೆ ನನಗೆ ಸಂಕಟ. 1998ರಲ್ಲಿ ದೆಹಲಿಯಲ್ಲಿ ಸಾಸಿವೆ ಎಣ್ಣೆಗೆ ಆರ್ಜಿಮೋನ್ ಎಂಬ ಮುಳ್ಳುಗಿಡದ ಬೀಜದ ಎಣ್ಣೆ ಬೆರೆತು, ಕಾಲು ಊದಿ, ಉಸಿರುಗಟ್ಟಿ 60ಕ್ಕೂ ಹೆಚ್ಚು ಜನ ಸತ್ತರು. ಆ ಎಣ್ಣೆಯಲ್ಲಿರುವ ಸಾಂಗ್ವಿನರಿನ್ ಎಂಬ ವಿಷವನ್ನು ಹಿಡಿಯಲು ದುಬಾರಿ ಯಂತ್ರ ಬೇಕಿಲ್ಲ. ಇದೇ ತಟ್ಟೆ, ಮೇಲಿನಿಂದ ನೇರಳಾತೀತ ದೀಪ ಹಿಡಿದರೆ ಚುಕ್ಕೆ ಹೊಳೆಯುತ್ತದೆ. ನೂರು ಅಂಗಡಿಗಳ ಸ್ಯಾಂಪಲನ್ನು ಒಂದೇ ದಿನ ಜರಡಿ ಹಿಡಿಯಬೇಕಾದಾಗ ತಟ್ಟೆಗೆ ಸಮನಾದದ್ದು ಇವತ್ತಿಗೂ ಇಲ್ಲ.

ಸೀಟಿನಿಂದ ಎಲ್ಲರನ್ನೂ ಇಳಿಸಿ ತಲೆ ಎಣಿಸುವುದು ಗ್ಯಾಸ್ ಕ್ರೊಮ್ಯಾಟೋಗ್ರಫಿ, ಲ್ಯಾಬಿನ ಮಾತಿನಲ್ಲಿ ಜಿಸಿ. ಈ ಯಂತ್ರ ಹುಟ್ಟಿದ್ದೇ ಕೊಬ್ಬಿನಾಮ್ಲಗಳಿಗಾಗಿ ಎಂಬುದು ಬಹಳ ಜನಕ್ಕೆ ತಿಳಿದಿಲ್ಲ. 1952ರಲ್ಲಿ ಲಂಡನ್ನಿನಲ್ಲಿ ಜೇಮ್ಸ್ ಮತ್ತು ಮಾರ್ಟಿನ್ ಪ್ರಕಟಿಸಿದ ಮೊದಲ ಪ್ರಬಂಧವೇ ಫಾರ್ಮಿಕ್‌ನಿಂದ ಹನ್ನೆರಡು ಇಂಗಾಲದ ಆಮ್ಲದವರೆಗೆ ಒಂದೊಂದನ್ನೂ ಬಿಡಿಸಿ ಅಳೆಯುವ ಕುರಿತು. ಅದೇ ವರ್ಷ ಮಾರ್ಟಿನ್‌ಗೆ, ಸಿಂಜ್ ಜೊತೆ 1941ರಲ್ಲಿ ಮಾಡಿದ ಹಿಂದಿನ ಕೆಲಸಕ್ಕಾಗಿ ನೊಬೆಲ್ ಬಂತು. ಕೊಬ್ಬು ಸುಲಭವಾಗಿ ಆವಿಯಾಗುವುದಿಲ್ಲ. ಆದ್ದರಿಂದ ಸೀಟು ಮುರಿದು, ಪ್ರತಿ ಆಮ್ಲಕ್ಕೂ ಮೆಥನಾಲಿನ ತುಣುಕು ಜೋಡಿಸಿ, ಮೀಥೈಲ್ ಎಸ್ಟರ್ ಮಾಡುತ್ತೇವೆ. ಅದನ್ನು ಕೂದಲೆಳೆಯಂತಹ, 30ರಿಂದ 100 ಮೀಟರು ಉದ್ದದ ಸುರುಳಿ ಕೊಳವೆಯೊಳಗೆ ಹೀಲಿಯಂ ಅಥವಾ ಹೈಡ್ರೊಜನ್ ತಳ್ಳಿಕೊಂಡು ಹೋಗುತ್ತದೆ. ತುದಿಯಲ್ಲಿ ಸಣ್ಣ ಜ್ವಾಲೆ. ಒಬ್ಬೊಬ್ಬರೂ ಜ್ವಾಲೆಗೆ ಬಿದ್ದು ಉರಿದಾಗ ಕಾಗದದ ಮೇಲೆ ಒಂದೊಂದು ಪೀಕ್ ಏಳುತ್ತದೆ. ಯಾವ ಆಮ್ಲ ಎಷ್ಟು ಶೇಕಡ, ಲೆಕ್ಕ ಚೊಕ್ಕ.

ಚೊಕ್ಕವಾಗಿ ಬರಬೇಕಾದರೆ ಕೈಯೂ ಚೊಕ್ಕ ಇರಬೇಕು. ಕೆಲಸಕ್ಕೆ ಸೇರಿದ ಹೊಸದರಲ್ಲಿ, ಮನೆಯಲ್ಲೇ ಬೆಣ್ಣೆ ಕಾಯಿಸಿದ ತುಪ್ಪವನ್ನು ಮಾದರಿಯೆಂದು ಒಯ್ದಿದ್ದೆ. ಎಸ್ಟರ್ ಮಾಡಿ, ದ್ರಾವಕ ಹೆಚ್ಚಾಯಿತೆಂದು ಬೆಚ್ಚಗಿನ ನೀರಿನ ಮೇಲಿಟ್ಟು ನೈಟ್ರೊಜನ್ ಊದಿ ಇಂಗಿಸಿದೆ. ಕೋಣೆಯೆಲ್ಲ ಅನಾನಸಿನ ವಾಸನೆ ಬಂತು. ಯಾರೋ ಹಣ್ಣು ಹೆಚ್ಚುತ್ತಿದ್ದಾರೆ ಅಂದುಕೊಂಡೆ. ಯಂತ್ರಕ್ಕೆ ಹಾಕಿದರೆ ಬ್ಯುಟಿರಿಕ್ ಪೀಕ್ ಇಲ್ಲವೇ ಇಲ್ಲ. ನಾನೇ ಕಾಯಿಸಿದ ತುಪ್ಪ ನಕಲಿ ಎಂದು ಕಾಗದ ಹೇಳುತ್ತಿತ್ತು. ಆಮೇಲೆ ಹಿರಿಯರೊಬ್ಬರು ತಿಳಿಹೇಳಿದರು: ಬ್ಯುಟಿರಿಕ್ ಆಮ್ಲದ ಮೀಥೈಲ್ ಎಸ್ಟರ್ 102 ಡಿಗ್ರಿಗೇ ಕುದಿಯುತ್ತದೆ, ಬೆಚ್ಚಗೆ ಗಾಳಿ ಊದಿದರೆ ಹಾರಿಹೋಗುತ್ತದೆ, ಅದರ ವಾಸನೆ ಅನಾನಸಿನದು. ತುಪ್ಪದ ಗುರುತು ನನ್ನ ಮೂಗಿನ ಮುಂದೆಯೇ ಹಾರಿಹೋಗಿತ್ತು. ಆ ದಿನ ಅದು ಒಬ್ಬ ವ್ಯಾಪಾರಿಯ ಸ್ಯಾಂಪಲ್ ಆಗಿದ್ದರೆ ಎಂದು ಈಗಲೂ ಮೈ ಜುಂ ಎನ್ನುತ್ತದೆ. ಇಂಗಿಸದೇ ಮಾಡುವ ಕ್ರಮ ಇದೆ. ಅಂದಿನಿಂದ ತುಪ್ಪಕ್ಕೆ ನಾನು ಬೇರೆ ಕ್ರಮ ಬಳಸಿಲ್ಲ.

ತಲೆ ಎಣಿಕೆಯಿಂದ ಟ್ರಾನ್ಸ್ ಕೊಬ್ಬಿನ ವಿಷಯ ಇತ್ಯರ್ಥವಾಗುತ್ತದೆ. 2022ರ ಜನವರಿಯಿಂದ ನಮ್ಮ ದೇಶದಲ್ಲಿ ಕೈಗಾರಿಕಾ ಟ್ರಾನ್ಸ್ ಕೊಬ್ಬಿನ ಮಿತಿ ಶೇ 2. ಆದರೆ ಹಸು ಎಮ್ಮೆಗಳ ಹೊಟ್ಟೆಯಲ್ಲೇ ತಯಾರಾಗುವ ಸಹಜ ಟ್ರಾನ್ಸ್ ಕೊಬ್ಬು ತುಪ್ಪದಲ್ಲಿ ಇದ್ದೇ ಇರುತ್ತದೆ. ಎರಡಕ್ಕೂ ಇಂಗಾಲ ಹದಿನೆಂಟೇ, ಜೋಡಿಕೊಂಡಿ ಒಂದೇ, ಆ ಕೊಂಡಿ ಇರುವ ಜಾಗ ಮಾತ್ರ ಬೇರೆ. ಇವನ್ನು ಬೇರ್ಪಡಿಸಲು ಆ 100 ಮೀಟರಿನ ಕಾಲಂ ಬೇಕು. 30 ಮೀಟರಿನಲ್ಲಿ ಮುಗಿಸಿ ಡಾಲ್ಡಾ ಬೆರೆತಿದೆ ಎಂದು ಬರೆದವರ ರಿಪೋರ್ಟನ್ನು ನಾನು ನಂಬುವುದಿಲ್ಲ.

ಡಾಲ್ಡಾ ಎಂದ ಮೇಲೆ ಶಿವಡಿಯ ಮಾತು ಬರಲೇಬೇಕು. ಹಿಂದೂಸ್ಥಾನ್ ವನಸ್ಪತಿ ಕಂಪನಿ 1931ರಲ್ಲಿ ಹುಟ್ಟಿ, ಮರುವರ್ಷ ಮುಂಬಯಿಯ ಶಿವಡಿಯಲ್ಲಿ ವನಸ್ಪತಿ ತಯಾರಿಕೆ ಶುರು ಮಾಡಿತು. 1933ರಲ್ಲಿ ಮುಂಬಯಿ ವಿಶ್ವವಿದ್ಯಾಲಯದ ರಾಸಾಯನಿಕ ತಂತ್ರಜ್ಞಾನ ವಿಭಾಗ, ಹಳಬರ ಬಾಯಲ್ಲಿ ಯುಡಿಸಿಟಿ, ಆರಂಭವಾಯಿತು. ಈಗ ಅದು ಐಸಿಟಿ. ಮಾಟುಂಗಾದ ಮೈಸೂರು ಅಸೋಸಿಯೇಷನ್ನಿನಲ್ಲಿ ನಾಟಕ ನೋಡಿ ನಡೆದುಕೊಂಡೇ ಅಲ್ಲಿಗೆ ಹೋಗಬಹುದು. ಎಣ್ಣೆ ಕೊಬ್ಬುಗಳಿಗೇ ಅಲ್ಲಿ ಪ್ರತ್ಯೇಕ ವಿಭಾಗ ಇದೆ. ನಕಲಿ ತುಪ್ಪಕ್ಕೆ ಬಳಕೆಯಾದ ವಸ್ತುವನ್ನು ದೊಡ್ಡ ಪ್ರಮಾಣದಲ್ಲಿ ಮಾಡಿದ್ದೂ, ಅದರ ರಸಾಯನಶಾಸ್ತ್ರ ಕಲಿಸಿದ್ದೂ ನಾಲ್ಕೈದು ಮೈಲಿಯ ಒಳಗೆ.

ವನಸ್ಪತಿಯನ್ನು ತುಪ್ಪಕ್ಕೆ ಬೆರೆಸಬಾರದೆಂದು ಸರ್ಕಾರ ಒಂದು ಜಾಣ ಉಪಾಯ ಮಾಡಿತು. ವನಸ್ಪತಿಗೆ ಶೇ 5ರಷ್ಟು ಎಳ್ಳೆಣ್ಣೆ ಕಡ್ಡಾಯ. ಎಳ್ಳೆಣ್ಣೆ ಇದ್ದರೆ ಹೈಡ್ರೊಕ್ಲೋರಿಕ್ ಆಮ್ಲ ಮತ್ತು ಫರ್ಫ್ಯುರಾಲ್ ಹಾಕಿ ಕುಲುಕಿದಾಗ ಕೆಂಪು ಬರುತ್ತದೆ, ಅದು ಬೌಡ್ವಿನ್ ಪರೀಕ್ಷೆ. ಇದರ ಜೊತೆಗೆ ರೀಕರ್ಟ್ ಮೈಸ್ಲ್ ಅಂಕ, ನಮ್ಮ ಬಾಯಲ್ಲಿ ಆರ್‌ಎಂ. ಐದು ಗ್ರಾಂ ತುಪ್ಪದಿಂದ ಹಬೆಯ ಜೊತೆ ಬಂದು ನೀರಿನಲ್ಲಿ ಕರಗುವ ಆಮ್ಲಗಳ ಅಳತೆ. ತುಪ್ಪದ್ದು 28ರ ಸುಮಾರು, ತೆಂಗಿನೆಣ್ಣೆಯದು ಏಳೆಂಟು, ಪಾಮ್ ಎಣ್ಣೆಯದು ಒಂದಕ್ಕೂ ಕಡಿಮೆ. ಹತ್ತಿಬೀಜ ತಿನ್ನಿಸುವ ಸೀಮೆಯ ತುಪ್ಪಕ್ಕೆ ಈ ಅಂಕ ಸಹಜವಾಗಿಯೇ ಇಳಿಯುವುದರಿಂದ ಕಾನೂನಿನಲ್ಲಿ ಆ ಸೀಮೆಗಳಿಗೆ ಕಡಿಮೆ ಮಿತಿ ಇಟ್ಟರು.

ನೀನು ಚಾಪೆಯ ಕೆಳಗೆ ತೂರಿದರೆ ನಾನು ರಂಗೋಲಿಯ ಕೆಳಗೆ ತೂರುತ್ತೇನೆ ಎಂಬ ಗಾದೆ ಕಲಬೆರಕೆ ಮಾಡುವವರಿಗೇ ಹುಟ್ಟಿದ್ದಿರಬೇಕು. ಎಳ್ಳೆಣ್ಣೆ ಇಲ್ಲದ ರಿಫೈನ್ಡ್ ಪಾಮ್ ಎಣ್ಣೆ ಹೊರದೇಶದಿಂದ ಹಡಗುಗಟ್ಟಲೆ ಬಂದ ಮೇಲೆ ಬೌಡ್ವಿನ್ ಪರೀಕ್ಷೆ ಬಾಯಿ ಮುಚ್ಚಿಕೊಂಡಿತು. ಆರ್‌ಎಂ ಲೆಕ್ಕವೂ ಅಷ್ಟೇ. ಎಮ್ಮೆ ತುಪ್ಪದ ಅಂಕ 32 ಇದೆ ಎನ್ನೋಣ. ಹತ್ತರಲ್ಲಿ ಒಂದು ಪಾಲು ಪಾಮ್ ಎಣ್ಣೆ ಬೆರೆಸಿದರೂ 29ರ ಹತ್ತಿರ ನಿಲ್ಲುತ್ತದೆ. 28 ದಾಟಿದೆ, ಪಾಸು. ಜಿಸಿಯ ತಲೆ ಎಣಿಕೆಗೂ ಇದೇ ತೊಡಕು. ಮೇವು, ಋತು, ತಳಿ, ಕರು ಹಾಕಿ ಎಷ್ಟು ದಿನ ಎಂಬುದರ ಮೇಲೆ ತುಪ್ಪದ ಶೇಕಡಗಳು ತಾವಾಗಿಯೇ ಹಿಂದೆ ಮುಂದೆ ಆಗುತ್ತವೆ. ಆ ಸಹಜ ಅಗಲದೊಳಗೆ ಸಣ್ಣ ಕಲಬೆರಕೆ ಅಡಗಿ ಕೂರುತ್ತದೆ. ಸ್ವಲ್ಪ ಪಾಮ್, ಸ್ವಲ್ಪ ತೆಂಗು ಸೇರಿಸಿ ತಲೆ ಎಣಿಕೆ ಹೊಂದಿಸುವ ತಿಳಿವಳಿಕೆಯೂ ಇರುವವರಿದ್ದಾರೆ.

ಆಗ ಮೂರನೆಯ ಪ್ರಶ್ನೆ ಕೇಳಬೇಕು. ಜನರನ್ನು ಇಳಿಸಬೇಡಿ, ಯಾರ ಪಕ್ಕ ಯಾರು ಕೂತಿದ್ದಾರೆ ಅದನ್ನು ನೋಡಿ. ಎಣ್ಣೆಗಳನ್ನು ಬರೀ ಬೆರೆಸಿದರೆ ಸೀಟಿನಲ್ಲಿ ಕೂತವರು ಎದ್ದು ಜಾಗ ಬದಲಿಸುವುದಿಲ್ಲ. ತೆಂಗಿನೆಣ್ಣೆಯ ಸೀಟು ತೆಂಗಿನೆಣ್ಣೆಯದಾಗಿಯೇ ಉಳಿಯುತ್ತದೆ. ಬ್ಯುಟಿರಿಕ್ ಕಡಿಮೆಯಾಯಿತೆಂದು ಬ್ಯುಟಿರಿಕ್ ಇರುವ ಕೃತಕ ವಸ್ತು ಸುರಿದರೆ, ಪುಟ್ಟವರು ಮೂವರೂ ಒಂದೇ ಸೀಟಿನಲ್ಲಿ ಕೂತ ವಿಚಿತ್ರ ಜೋಡಣೆ ಕಾಣಿಸುತ್ತದೆ. ಹಸು ಎಮ್ಮೆ ಹಾಗೆ ಕೂರಿಸುವುದಿಲ್ಲ.

ಸೀಟು ಮುರಿಯದೆ ನೋಡಲು ಎಚ್‌ಪಿಎಲ್‌ಸಿ. ಇಲ್ಲಿ ಹರಿಯುವುದು ಗಾಳಿಯಲ್ಲ, ಒತ್ತಡದಲ್ಲಿ ತಳ್ಳಿದ ದ್ರಾವಕ. ಕೋಣೆಯ ಬಿಸಿಯಲ್ಲೇ ಕೆಲಸ, ಆದ್ದರಿಂದ ಕಾವು ತಾಳದ ವಿಟಮಿನ್ ಎ, ಇ, ಅಕ್ಕಿತವುಡಿನ ಎಣ್ಣೆಯ ಒರೈಜನಾಲ್ ಇಂಥವಕ್ಕೆ ಇದೇ ಸೂಕ್ತ. ಟ್ರೈಗ್ಲಿಸರೈಡ್‌ಗಳು ಇದರಲ್ಲಿ ಒಂದು ಸರಳ ಲೆಕ್ಕದ ಪ್ರಕಾರ ಹೊರಬರುತ್ತವೆ. ಮೂವರ ಇಂಗಾಲ ಕೂಡಿಸಿ, ಪ್ರತಿ ಜೋಡಿಕೊಂಡಿಗೆ ಎರಡು ಕಳೆಯಿರಿ. ಮೂವರೂ ಓಲಿಕ್ ಆದರೆ 54ರಲ್ಲಿ 6 ಹೋಗಿ 48. ಇಬ್ಬರು ಪಾಮಿಟಿಕ್ ನಡುವೆ ಒಬ್ಬ ಓಲಿಕ್ ಆದರೆ 50ರಲ್ಲಿ 2 ಹೋಗಿ ಅದೂ 48. ಹೀಗೆ ಸಂಬಂಧವಿಲ್ಲದವರು ಒಂದೇ ಬಾಗಿಲಲ್ಲಿ ಒತ್ತಿಕೊಂಡು ಇಳಿಯುತ್ತಾರೆ. ಈ ವಿಧಾನದ ದೌರ್ಬಲ್ಯ ಇದು. ಇನ್ನೊಂದು, ಕೊಬ್ಬಿಗೆ ಬಣ್ಣವಿಲ್ಲ, ಸಾಮಾನ್ಯ ಬೆಳಕಿನ ಡಿಟೆಕ್ಟರಿಗೆ ಅದು ಸರಿಯಾಗಿ ಕಾಣುವುದೇ ಇಲ್ಲ. ದ್ರಾವಕವನ್ನು ಆವಿಮಾಡಿ ಉಳಿದ ಕಣಗಳ ಮೇಲೆ ಬೆಳಕು ಚೆಲ್ಲುವ ಬೇರೆ ಡಿಟೆಕ್ಟರ್ ಬೇಕು. ಇಲ್ಲವೇ ಮಾಸ್ ಸ್ಪೆಕ್ಟ್ರೊಮೀಟರ್ ಜೋಡಿಸಬೇಕು; ಅದು ಬಾಗಿಲಲ್ಲಿ ಇಳಿದ ಒಬ್ಬೊಬ್ಬರನ್ನೂ ತೂಗಿ ಹೇಳುತ್ತದೆ. ರಕ್ತದ ಒಂದು ಹನಿಯಲ್ಲಿ ನೂರಾರು ಬಗೆಯ ಲಿಪಿಡ್‌ಗಳನ್ನು ಎಣಿಸುವ ಇಂದಿನ ಲಿಪಿಡೊಮಿಕ್ಸ್ ನಿಂತಿರುವುದು ಇದರ ಮೇಲೆ. ಕೋಟಿಗಟ್ಟಲೆ ರೂಪಾಯಿಯ ಯಂತ್ರ, ತುಪ್ಪದ ಡಬ್ಬಿಗೆಲ್ಲ ಅದನ್ನು ಎಬ್ಬಿಸುವ ಅಗತ್ಯ ನನಗೆ ಕಂಡಿಲ್ಲ.

ಸೀಟು ಮುರಿಯದ ಟ್ರೈಗ್ಲಿಸರೈಡನ್ನು ಹೆಚ್ಚಿನ ಕಾವಿನಲ್ಲಿ ಜಿಸಿಗೂ ಹಾಕಬಹುದು. 2024ರ ಸೆಪ್ಟೆಂಬರಿನಲ್ಲಿ ತಿರುಪತಿ ಲಡ್ಡಿನ ತುಪ್ಪದಲ್ಲಿ ಕಲಬೆರಕೆ ಎಂಬ ಸುದ್ದಿ ಮನೆಮನೆ ತಲುಪಿದಾಗ ಅದರ ಹಿಂದಿದ್ದದ್ದು ಈ ವಿಧಾನವೇ. ಗುಜರಾತಿನ ಆನಂದ್‌ನಲ್ಲಿರುವ ಎನ್‌ಡಿಡಿಬಿಯ ಲ್ಯಾಬು ಅಳೆದದ್ದು ಎಸ್ ಅಂಕ. ಒಟ್ಟು ಇಂಗಾಲದ ಲೆಕ್ಕದಲ್ಲಿ ಟ್ರೈಗ್ಲಿಸರೈಡ್‌ಗಳನ್ನು ಗುಂಪು ಮಾಡಿ, ಐದು ಸಮೀಕರಣಕ್ಕೆ ಹಾಕಿದರೆ ಶುದ್ಧ ಹಾಲುಕೊಬ್ಬಿನ ಅಂಕ 100ರ ಆಸುಪಾಸು ಬರಬೇಕು. ಬರದಿದ್ದರೆ ಹೊರಗಿನ ಕೊಬ್ಬು ಇದೆ ಎಂದು ಅನುಮಾನ. ಯಾವ ಕೊಬ್ಬು ಎಂದು ಅದು ಬೊಟ್ಟು ಮಾಡಿ ತೋರಿಸುವುದಿಲ್ಲ. ಒಂದು ಸಮೀಕರಣಕ್ಕೆ ಸೋಯಾ, ಸೂರ್ಯಕಾಂತಿಯಂಥ ಎಣ್ಣೆಗಳ ಜೊತೆಗೆ ಮೀನೆಣ್ಣೆಯನ್ನೂ ಸೇರಿಸಿದ್ದಾರೆ. ಇನ್ನೊಂದರ ತಲೆಬರಹ ಪಾಮ್ ಎಣ್ಣೆ ಮತ್ತು ದನದ ಕೊಬ್ಬು, ಎರಡೂ ಒಂದೇ ಸಾಲಿನಲ್ಲಿ. ಪಾಮ್ ಎಣ್ಣೆ ಬೆರೆತಿದ್ದರೂ ಆ ಸಾಲಿನ ಅಂಕವೇ ಕೆಡುತ್ತದೆ. ರಸಾಯನಶಾಸ್ತ್ರದ ಕಣ್ಣಿಗೆ ಅವೆರಡೂ ನೆಂಟರಿರಬಹುದು, ಭಕ್ತನ ಮನಸ್ಸಿಗೆ ಅವುಗಳ ನಡುವೆ ಆಕಾಶ ಪಾತಾಳದಷ್ಟು ದೂರ. ವರದಿಯ ಪಟ್ಟಿಯಲ್ಲಿದ್ದ ಹೆಸರುಗಳೆಲ್ಲ ತುಪ್ಪದಲ್ಲೇ ಸಿಕ್ಕಿವೆ ಎಂದು ಎಷ್ಟೋ ಜನ ಓದಿಕೊಂಡರು. ಹಸುವಿಗೆ ಎಣ್ಣೆಯ ಮೇವು ಹೆಚ್ಚಾದಾಗ, ಹೊಟ್ಟೆಗೆ ತೀರ ಕಡಿಮೆಯಾದಾಗ, ಹೀಗೆ ಕೆಲವು ಸಂದರ್ಭಗಳಲ್ಲಿ ಶುದ್ಧ ತುಪ್ಪವೂ ತಪ್ಪಾಗಿ ಸಿಕ್ಕಿಬೀಳಬಹುದು ಎಂದು ಅದೇ ವರದಿಯಲ್ಲಿ ಬರೆದಿತ್ತು. ಅದನ್ನು ಓದಿದವರು ಕಡಿಮೆ. ಅಕ್ಟೋಬರ್ 4ರಂದು ಸುಪ್ರೀಂ ಕೋರ್ಟ್ ಸ್ವತಂತ್ರ ತನಿಖಾ ತಂಡ ರಚಿಸಿತು. ಯಾರು ಏನು ಬೆರೆಸಿದರು ಎಂಬುದು ಆ ತನಿಖೆಗೆ ಸೇರಿದ್ದು. ನನ್ನ ಮಾತು ವಿಧಾನದ ಬಗ್ಗೆ ಮಾತ್ರ. ಒಂದು ಅಂಕದ ಮೇಲೆ ಕೋಟ್ಯಂತರ ಜನರ ಮನಸ್ಸು ನೋಯಬಹುದಾದಾಗ, ಎರಡನೆಯ ವಿಧಾನದಿಂದ ಖಚಿತಪಡಿಸಿಕೊಂಡೇ ಹೆಸರು ಹೇಳಬೇಕಿತ್ತು.

ಆ ಸಮೀಕರಣಗಳು ಮೊದಲು ಹುಟ್ಟಿದ್ದು ಜರ್ಮನಿಯಲ್ಲಿ, ಅಲ್ಲಿನ ಹಸುಗಳ ಹಾಲಿನ ಮೇಲೆ. ನಮ್ಮ ಊರು ಎಮ್ಮೆಯ ಊರು. ನಗರದ ತಬೇಲಾಗಳನ್ನು ಹೊರಗೆ ಕಳಿಸಲೆಂದೇ ಗೋರೆಗಾಂವ್‌ನಲ್ಲಿ 1949ರಲ್ಲಿ ಆರೆ ಕಾಲೊನಿ ಕಟ್ಟಿದರು, ಅಲ್ಲಿ ಸಾಕಿದ್ದು ಎಮ್ಮೆಗಳನ್ನೇ. ಜರ್ಮನ್ ಹಸುವಿನ ಅಳತೆಗೋಲನ್ನು ಮೆಹ್ಸಾಣಾ ಎಮ್ಮೆಗೆ ಹಿಡಿಯುವ ಮುಂಚೆ ನಮ್ಮ ಹಟ್ಟಿಗಳ ತುಪ್ಪವನ್ನೇ ಸಾವಿರಗಟ್ಟಲೆ ಅಳೆದು ಮಿತಿ ಗೊತ್ತುಮಾಡಿಕೊಳ್ಳಬೇಕು. ಮೈಸೂರಿನ ಸಿಎಫ್‌ಟಿಆರ್‌ಐಯಂಥ, ಕರ್ನಾಲಿನ ಎನ್‌ಡಿಆರ್‌ಐಯಂಥ ಸಂಸ್ಥೆಗಳಿಗೆ ಇದಕ್ಕಿಂತ ದೊಡ್ಡ ಕೆಲಸ ಬೇರೆ ಯಾವುದು?

ಸಸ್ಯದ ಎಣ್ಣೆ ಬೆರೆತಿದೆಯೇ ಎಂಬಷ್ಟೇ ಪ್ರಶ್ನೆಯಾದರೆ ಇನ್ನೊಂದು ದಾರಿ ಇದೆ, ನನಗೆ ತುಂಬ ಇಷ್ಟವಾದದ್ದು. ಸೀಟುಗಳನ್ನು ಬಿಟ್ಟುಬಿಡಿ, ಸೀಟಿನಲ್ಲಿ ಕೂರದೆ ಬಾಗಿಲ ಬಳಿ ನಿಂತವರನ್ನು ನೋಡಿ. ಪ್ರಾಣಿಗಳ ಕೊಬ್ಬಿನಲ್ಲಿ ಹಾಗೆ ನಿಂತಿರುವುದು ಕೊಲೆಸ್ಟೆರಾಲ್, ಗಿಡಗಳ ಎಣ್ಣೆಯಲ್ಲಿ ಸಿಟೊಸ್ಟೆರಾಲ್. ತುಪ್ಪದಲ್ಲಿ ಕೊಲೆಸ್ಟೆರಾಲ್ ಶೇ 0.3ರ ಸುಮಾರು. ಪಾಮ್ ಎಣ್ಣೆಯಲ್ಲಿ ಸಿಟೊಸ್ಟೆರಾಲ್ ಅದಕ್ಕಿಂತಲೂ ಬಹಳ ಕಡಿಮೆ. ಆದರೆ ತುಪ್ಪದಲ್ಲಿ ಇರಬಾರದ್ದು ಅದು, ಆದ್ದರಿಂದ ಸ್ವಲ್ಪ ಕಂಡರೂ ಸಾಕು. ತುಪ್ಪವನ್ನು ಕ್ಷಾರದಲ್ಲಿ ಕುದಿಸಿ ಸಾಬೂನು ಮಾಡಿ, ಸಾಬೂನಾಗದೆ ಉಳಿದದ್ದನ್ನು ಈಥರಿನಲ್ಲಿ ಎತ್ತಿ, ಜಿಸಿಗೋ ಎಚ್‌ಪಿಎಲ್‌ಸಿಗೋ, ತಟ್ಟೆಗೋ ಹಾಕುವುದು. ಮೇವು ಬದಲಾಯಿತು, ತಳಿ ಬೇರೆ ಎಂಬ ಸಬೂಬು ಇಲ್ಲಿ ನಡೆಯದು. ಹಾಗೆಂದು ಇದನ್ನೇ ಎಲ್ಲಕ್ಕೂ ಹಿಡಿದುಕೊಂಡು ಕೂರಲಾಗದು. ಬೆರೆಸಿದ್ದು ಪ್ರಾಣಿಯ ಮೈಕೊಬ್ಬಾದರೆ ಅದರಲ್ಲೂ ಕೊಲೆಸ್ಟೆರಾಲೇ, ಈ ಪರೀಕ್ಷೆ ಸುಮ್ಮನಾಗುತ್ತದೆ.

ದಾದರ್ ಸ್ಟೇಷನ್ನಿನ ಹೊರಗೆ ವಡಾ ಕರಿಯುವ ಬಾಣಲೆಗೆ ಇವು ಯಾವುವೂ ಬೇಕಿಲ್ಲ. ಅಲ್ಲಿ ಕೇಳಬೇಕಾದದ್ದು ಎಣ್ಣೆ ಎಷ್ಟು ಸಲ ಕಾದು ಹಾಳಾಗಿದೆ ಎಂಬುದು. 2018ರ ಜುಲೈಯಿಂದ ಕರಿದ ಎಣ್ಣೆಯಲ್ಲಿ ಧ್ರುವೀಯ ವಸ್ತುಗಳು ಶೇ 25 ಮೀರಬಾರದೆಂಬ ನಿಯಮ ಇದೆ. ಅದನ್ನು ಖಚಿತವಾಗಿ ಅಳೆಯುವುದು ಎಲ್ಲಕ್ಕಿಂತ ಹಳೆಯ, ಟ್ವೆಟ್‌ನ ಗಾಜಿನ ಕೊಳವೆಯೇ. ಸಿಲಿಕಾ ತುಂಬಿ ಎಣ್ಣೆ ಸುರಿದರೆ ಕೆಡದ ಎಣ್ಣೆ ಇಳಿದುಬರುತ್ತದೆ, ಕೆಟ್ಟದ್ದು ಸಿಲಿಕಾಕ್ಕೆ ಅಂಟಿಕೊಳ್ಳುತ್ತದೆ. ಇಳಿದದ್ದನ್ನು ಒಣಗಿಸಿ ತೂಗಿ, ಒಟ್ಟಿನಿಂದ ಕಳೆದರೆ ಉತ್ತರ. ಬಾಣಲೆಗೆ ಅದ್ದಿ ನೋಡುವ ಕೈಯಂತ್ರ ಅಂದಾಜಿಗೆ ಒಳ್ಳೆಯದೇ, ಆದರೆ ದಂಡ ಹಾಕುವ ಮಾತು ಬಂದರೆ ಕೊಳವೆಯನ್ನೇ ಕೇಳಬೇಕು.

ಬಾಂದ್ರಾ ಕುರ್ಲಾ ಕಾಂಪ್ಲೆಕ್ಸಿನ ಎಫ್‌ಡಿಎ ಕಚೇರಿಯಿಂದ ಸ್ಯಾಂಪಲ್ ತೆಗೆದುಕೊಂಡು ಹೋದರೆ ನಮ್ಮ ಹೋಟೆಲಿನವರಿಗೆ ನಿದ್ದೆ ಬರುವುದಿಲ್ಲ. ಸ್ಯಾಂಪಲ್ಲನ್ನು ನಾಲ್ಕು ಭಾಗ ಮಾಡುತ್ತಾರೆ, ಅದರಲ್ಲೊಂದನ್ನು ಮಾನ್ಯತೆ ಪಡೆದ ಲ್ಯಾಬಿಗೆ ಕಳಿಸಿ ಎಂದು ಕೇಳುವ ಹಕ್ಕು ನಿಮಗಿದೆ. ರಿಪೋರ್ಟ್ ಒಪ್ಪಿಗೆಯಿಲ್ಲದಿದ್ದರೆ 30 ದಿನದೊಳಗೆ ಮೇಲ್ಮನವಿ. ಆಗ ಸ್ಯಾಂಪಲ್ ರೆಫರಲ್ ಲ್ಯಾಬಿಗೆ ಹೋಗುತ್ತದೆ. ದೇಶದಲ್ಲಿ ಅಂಥ ಹಳೆಯ ಲ್ಯಾಬುಗಳಲ್ಲಿ ಒಂದು ಮೈಸೂರಿನದು. ಕೈಗೆ ಬಂದ ಕಾಗದದಲ್ಲಿ ಅಂಕದ ಪಕ್ಕ ವಿಧಾನದ ಹೆಸರು ಇದೆಯೇ ನೋಡಿ. ಇಲ್ಲದಿದ್ದರೆ ಯಾವ ವಿಧಾನ ಎಂದು ಬರವಣಿಗೆಯಲ್ಲೇ ಕೇಳಿ.

ಮಾಟುಂಗಾದ ಹೋಟೆಲಿನವರು ತಂದಿದ್ದ ಡಬ್ಬಿಯ ತುಪ್ಪದ ಕೆಲಸ ನಾಲ್ಕು ದಿನ ಹಿಡಿಯಿತು. ತಟ್ಟೆಯಲ್ಲಿ ಏನೂ ತಪ್ಪು ಕಾಣಲಿಲ್ಲ. ಆರ್‌ಎಂ ಮಿತಿಯ ಒಳಗಿತ್ತು. ಜಿಸಿಯಲ್ಲಿ ಬ್ಯುಟಿರಿಕ್ ಇತ್ತು, ಕಡಿಮೆ ಎನ್ನುವಷ್ಟು ಕಡಿಮೆಯೂ ಅಲ್ಲ. ಪಾಮಿಟಿಕ್ ಸ್ವಲ್ಪ ಜಾಸ್ತಿ, ಆದರೆ ಎಮ್ಮೆ ತುಪ್ಪದಲ್ಲಿ ಅಷ್ಟು ಇರುವುದುಂಟು. ಗಿರಾಕಿ ಹೇಳಿದ ಆ ಮೇಣದ ಮಾತು ಇಲ್ಲದಿದ್ದರೆ ಅಲ್ಲಿಗೇ ಪಾಸ್ ಮಾಡಿಬಿಡುತ್ತಿದ್ದೆನೇನೋ. ಸ್ಟೆರಾಲ್ ಪರೀಕ್ಷೆ ಮಾಡಿದೆ. ಕೊಲೆಸ್ಟೆರಾಲಿನ ದೊಡ್ಡ ಪೀಕ್ ಇಳಿದು, ಗೆರೆ ನೆಲಕ್ಕೆ ತಾಗಿ, ಕೆಲವು ನಿಮಿಷ ಮಟ್ಟವಾಗಿ ಹೋಗಿ, ಸಿಟೊಸ್ಟೆರಾಲ್ ಬರಬೇಕಾದ ಜಾಗದಲ್ಲಿ ಮೆಲ್ಲಗೆ ತಲೆ ಎತ್ತಿತು. ಸಣ್ಣದು, ಆದರೆ ಸ್ಪಷ್ಟ. ಎರಡನೆಯ ಸಲ ಮೊದಲಿನಿಂದ ಮಾಡಿದೆ. ಮತ್ತೆ ಅಲ್ಲೇ.

ಅವರು ಬಂದಾಗ ಕಾಗದ ಬಿಚ್ಚಿ ಆ ಪೀಕನ್ನು ಬೆರಳಿಟ್ಟು ತೋರಿಸಿದೆ. ಗಿಡದ ಎಣ್ಣೆ ಬೆರೆತಿದೆ, ಬಹುಶಃ ಪಾಮ್ ಎಂದೆ. ಬಹಳ ಹೊತ್ತು ನೋಡಿದರು. ಉಳಿದ ತುಪ್ಪ ಇದ್ದ ಡಬ್ಬಿ ವಾಪಸ್ ಕೊಟ್ಟೆ. ಮುಚ್ಚಳ ತೆಗೆದು, ಕಣ್ಣು ಮುಚ್ಚಿ ಒಮ್ಮೆ ಮೂಸಿದರು.

"ವಾಸನೆ ಸರಿ ಉಂಟಲ್ಲ ಮೇಡಂ" ಎಂದರು.